ಭಾನುವಾರದ ನಾಲ್ಕು ನಿಮಿಷ

ಮಾರ್ಚ್ 4

ಪ್ರೀತಿಯ ಅಕ್ಕನಿಗೆ,

ಸುಖವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಬುತ್ತಿಯನ್ನು ಪಕ್ಕದ ಸೀಟಿನ ಅಜ್ಜಿಯೂ ನಾನೂ ಅರ್ಧ ದಾರಿಯಲ್ಲೇ ಮುಗಿಸಿದೆವು.

ನಾವಿಕರ ಈ ವೃದ್ಧಾಶ್ರಮ ಬಂದರಿನ ಹಿಂದಿನ ದಿಬ್ಬದ ಮೇಲಿದೆ. ಅರವತ್ತೆರಡು ಮಂದಿ ಇದ್ದಾರೆ. ಹಡಗಿನಲ್ಲಿ ಅಡುಗೆ ಮಾಡಿದವರು, ಎಂಜಿನ್ನಿಗೆ ಎಣ್ಣೆ ಬಿಟ್ಟವರು, ಹಗ್ಗ ಎಳೆದವರು. ಎಲ್ಲರ ಬಾಯಿ ಸೇರಿಸಿದರೂ ಇನ್ನೂರು ಹಲ್ಲು ಸಿಗಲಿಕ್ಕಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ. ಇಲ್ಲಿ ಹಲ್ಲೂ ಇಲ್ಲ, ಕಡಲೆಯೂ ಇಲ್ಲ, ಇರುವುದು ಕಡಲೊಂದೇ.

ನನಗೆ ಕೊಟ್ಟ ಕೋಣೆ ಮೊದಲು ಬಟ್ಟೆ ಒಣಗಿಸುವ ಜಾಗವಾಗಿತ್ತಂತೆ. ಒಂದು ಹಳೆಯ ಕುರ್ಚಿ ಇದೆ. ಹಿಂದಕ್ಕೆ ಸಲೀಸಾಗಿ ಬಾಗುತ್ತದೆ, ಮತ್ತೆ ಎದ್ದು ನಿಲ್ಲಬೇಕಾದರೆ ಒದೆಯಬೇಕು. ಮೂಲೆಯಲ್ಲಿ ಬೇಸಿನ್, ಅದರ ಮೇಲೊಂದು ಕನ್ನಡಿ. ಮೊದಲ ದಿನವೇ ಬಂದು ಕೂತವರನ್ನು ಎಲ್ಲರೂ ಕಪ್ತಾನ ಎಂದು ಕರೆಯುತ್ತಾರೆ. ಮೂವತ್ತು ವರ್ಷ ಹಡಗಿನಲ್ಲಿ ತರಕಾರಿ ಹೆಚ್ಚಿದವರು, ಒಂದು ದಿನವೂ ಚುಕ್ಕಾಣಿ ಮುಟ್ಟಿದವರಲ್ಲ. "ಡಾಕ್ಟ್ರೇ, ನನಗೆ ಹಲ್ಲುಸೆಟ್ಟು ಬೇಡ, ಸಿಳ್ಳೆ ಹೊಡೆಯೋಕೆ ಮುಂದಿನ ಎರಡು ಹಲ್ಲು ಸಾಕು" ಎಂದರು.

ಹಲ್ಲುಸೆಟ್ಟು ಮಾಡಲು ಮೇಣ, ಅಚ್ಚು ತೆಗೆಯುವ ಪುಡಿ, ಗುಲಾಬಿ ಅಕ್ರಿಲಿಕ್ ಕಳಿಸು. ಬೇರೇನೂ ಬೇಡ.

ಫೋನ್ ಇಟ್ಟುಕೊಳ್ಳುವುದಿಲ್ಲ ಎಂದಾಗ ನೀನು ಜಗಳವಾಡುತ್ತೀಯ ಎಂದುಕೊಂಡಿದ್ದೆ. ಒಂದು ಮಾತೂ ಆಡದೆ ಒಪ್ಪಿಕೊಂಡೆ. ನನ್ನನ್ನು ನೀನಲ್ಲದೆ ಬೇರೆ ಯಾರು ಅರ್ಥಮಾಡಿಕೊಂಡಾರು? ದಂತವೈದ್ಯರ ಸಂಘದ ಪತ್ರಿಕೆಯಲ್ಲಿ "ಆರು ತಿಂಗಳ ಸೇವೆ, ವೈದ್ಯನ ಮನಸ್ಸಿಗೂ ಮದ್ದು" ಎಂಬ ಸಾಲು ಓದಿ ಇಬ್ಬರೂ ನಕ್ಕಿದ್ದೆವು. ಈಗ, ಮದ್ದಾದರೂ ಆಗಲಿ ಎನಿಸುತ್ತಿದೆ.

ನಿನ್ನ ತಮ್ಮ

ಮಾರ್ಚ್ 16

ಚಿರಂಜೀವಿ ತಮ್ಮನಿಗೆ,

ಕೇಳಿದ್ದೆಲ್ಲ ಕಳಿಸಿದ್ದೇನೆ. ಜೊತೆಗೆ ಎರಡು ಸ್ವೆಟರ್. ಸಮುದ್ರದ ಗಾಳಿ ಎಂದು ಬನಿಯನ್ನಿನಲ್ಲಿ ಓಡಾಡಬೇಡ.

ಕ್ಲಿನಿಕ್ ನಡೆಯುತ್ತಿದೆ. ನಿನ್ನ ರೋಗಿಗಳಿಗೆ ನನ್ನ ಕೈ ಭಾರವಂತೆ. "ಸಣ್ಣ ಡಾಕ್ಟ್ರು ಯಾವಾಗ ಬರ್ತಾರೆ" ಎಂದು ನನ್ನ ಎದುರಿಗೇ ಕೇಳುತ್ತಾರೆ, ಅದೂ ಬಾಯಿ ತೆರೆದುಕೊಂಡು. ಕಾಯುವ ಕೋಣೆಗೆ ಸುಣ್ಣ ಹೊಡೆಸಿದೆ. ಮಹಡಿ ಮನೆಗೆ ಎಳೆದಿದ್ದ ಕ್ಲಿನಿಕ್ಕಿನ ಫೋನ್ ಲೈನನ್ನು ತೆಗೆಸಿಬಿಟ್ಟೆ, ಒಂದಿದ್ದರೆ ಸಾಕು. ತಲೆಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದೇನೆ. ನೀನು ಬರುವ ಹೊತ್ತಿಗೆ ಅಜ್ಜಿಯೇ ಎದ್ದು ಬಂದ ಹಾಗೆ ಕಾಣುತ್ತೇನೆ, ಹೆದರಬೇಡ.

ಎದುರಿನ ಬೇಕರಿಗೆ ಹೊಸಬಳು ಬಂದಿದ್ದಾಳೆ. ನಾನು ಬ್ರೆಡ್ಡನ್ನು ಹಿಂದಿನ ಬೀದಿಯಿಂದ ತರುತ್ತೇನೆ.

ತಮ್ಮಾ, ವಿಚಾರಣೆಯ ಸಮಿತಿಯವರು ಎಲ್ಲ ಕಾಗದ ನೋಡಿ, ನಿನ್ನ ತಪ್ಪಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಅದನ್ನು ದಿನಕ್ಕೊಂದು ಸಲ ಓದಿಕೊ. ಕೆದಕಬೇಡ.

ನಿನ್ನ ಅಕ್ಕ

ಏಪ್ರಿಲ್ 6

ಪ್ರೀತಿಯ ಅಕ್ಕನಿಗೆ,

ಸ್ವೆಟರ್ ಒಂದನ್ನು ಕಪ್ತಾನರು ಹೊಡೆದುಕೊಂಡರು. ತಲೆಯ ಬಣ್ಣ ಬಿಟ್ಟೆಯಾ? ವೈರಾಗ್ಯವೋ, ಸೋಮಾರಿತನವೋ? ಈ ವಯಸ್ಸಿನಲ್ಲಿ ಎರಡೂ ಒಂದೇ ಬಿಡು.

ಈವರೆಗೆ ಹತ್ತೊಂಬತ್ತು ಸೆಟ್ಟು ಮಾಡಿದ್ದೇನೆ. ಹೊಸ ಹಲ್ಲು ಹಾಕಿಕೊಂಡವರು ಎರಡು ದಿನ ಯಾರೊಂದಿಗೂ ಮಾತಾಡುವುದಿಲ್ಲ, ಮೂರನೆಯ ದಿನ ನಿಲ್ಲಿಸುವುದಿಲ್ಲ. ಇದನ್ನೆಲ್ಲ ಬರೆದು ನಿನ್ನನ್ನು ನಗಿಸಬೇಕೆಂದೇ ಕೂತೆ. ಆದರೆ ಕೆದಕಬೇಡ ಎಂದೆಯಲ್ಲ, ಅದಕ್ಕೊಂದು ಉತ್ತರ ಹೇಳಬೇಕು.

ನಾನು ಕೆದಕುತ್ತಿಲ್ಲ ಅಕ್ಕಾ. ಅವಳೇ ಬರುತ್ತಾಳೆ. ಕೈ ತೊಳೆಯಲು ಬೇಸಿನ್ ಮುಂದೆ ನಿಂತು ಕನ್ನಡಿ ನೋಡಿದರೆ, ನನ್ನ ಹೆಗಲ ಹಿಂದೆ ಕುರ್ಚಿ ಕಾಣುತ್ತದೆ. ಖಾಲಿ ಕುರ್ಚಿ. ಅದರಲ್ಲಿ ಬೇಕರಿ ಹುಡುಗಿ ಕೆನ್ನೆಗೆ ಕೈ ಕೊಟ್ಟು ಕೂತಿರುತ್ತಾಳೆ. ತಿರುಗಿದರೆ ಇಲ್ಲ. ಆ ಶನಿವಾರ ಅವಳು ಕೂತ ಹಾಗೆಯೇ: ಏಪ್ರನ್ ಬಿಚ್ಚಿರಲಿಲ್ಲ, ಮೊಣಕೈಯಲ್ಲಿ ಮೈದಾಹಿಟ್ಟು. ನಾನು ಬಾಗಿಲು ಹಾಕುವ ಹೊತ್ತು. ಕೆಳಗಿನ ದವಡೆ ಊದಿತ್ತು. ಊತ ಇಳಿಯಲಿ, ಸೋಮವಾರ ಕೀಳೋಣ ಎಂದು ಮಾತ್ರೆ ಬರೆದುಕೊಟ್ಟೆ. "ಸೋಮವಾರದ ತನಕ ಇರ್ತೀನಾ ಡಾಕ್ಟ್ರೇ" ಎಂದು ನಕ್ಕಳು. ನಾನೂ ನಕ್ಕೆ. ಮರುದಿನ ಬೆಳಿಗ್ಗೆ ಸಂಘದ ಸಮ್ಮೇಳನವೆಂದು ಊರು ಬಿಟ್ಟೆ. ಸೋಮವಾರ ಬೆಳಗಾಗುವ ಮುಂಚೆಯೇ ಅವಳು ಇರಲಿಲ್ಲ.

ಬಾವು ಕುತ್ತಿಗೆಗಿಳಿದು ಉಸಿರುಗಟ್ಟಿತು ಎಂದರು. ಅದೆಲ್ಲ ಪುಸ್ತಕದಲ್ಲಿದೆ, ನಾನೂ ಓದಿದ್ದೆ. ಶನಿವಾರವೇ ಅವಳನ್ನು ಆಸ್ಪತ್ರೆಗೆ ಕಳಿಸಿದ್ದರೆ? ಇಡೀ ಭಾನುವಾರ ಅವಳಿಗೆ ಕೇಳಲು ಒಬ್ಬರೂ ಇರಲಿಲ್ಲವಲ್ಲ ಎಂಬುದೇ ನನ್ನನ್ನು ತಿನ್ನುತ್ತದೆ.

ಇದನ್ನು ಓದಿ ಹರಿದುಹಾಕು.

ತಮ್ಮ

ಏಪ್ರಿಲ್ 25

ತಮ್ಮಾ,

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದೆ. ನಿನ್ನದನ್ನು ಹರಿಯಲಿಲ್ಲ.

ಅಕ್ಕನಾಗಿ ಅಲ್ಲ, ಒಬ್ಬ ದಂತವೈದ್ಯೆಯಾಗಿ ಒಂದು ಪ್ರಶ್ನೆ. ಮೂರು ಪಾರ್ಸೆಲ್ ನೀನು ತರಿಸಿಕೊಂಡೆ. ಮೇಣ, ಪುಡಿ, ಅಕ್ರಿಲಿಕ್. ಮರಗಟ್ಟಿಸುವ ಔಷಧಿ ಒಂದು ಸಲವೂ ಕೇಳಲಿಲ್ಲ. ಅರವತ್ತೆರಡು ಮುದುಕರ ಬಾಯಲ್ಲಿ ಕೀಳಬೇಕಾದ ಹಲ್ಲಿನ ಬೇರು ಒಂದೂ ಇಲ್ಲವೇ? ಇಕ್ಕಳ ಹಿಡಿಯಲು ನಿನಗೆ ಆಗುತ್ತಿಲ್ಲ, ಅಲ್ಲವೇ?

ಇನ್ನೊಂದು ವಿಷಯ. ಹೇಳಬಾರದೆಂದುಕೊಂಡಿದ್ದೆ. ಅವಳ ಅಮ್ಮ ಬರುತ್ತಿದ್ದಾರೆ. ಮಾರ್ಚಿನಿಂದ ಪ್ರತಿ ಶನಿವಾರ ಸಂಜೆ, ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮುಗಿಸಿ. ಕಾಯುವ ಕೋಣೆಯ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಸರದಿ ಬಂದರೆ ತಲೆಯಾಡಿಸಿ ಪಕ್ಕದವರನ್ನು ಒಳಗೆ ಕಳಿಸುತ್ತಾರೆ. ಆವಿ ತಾಗಿ ಬೆಳ್ಳಗಾದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಒಳಗೆ ನಾನು ರೋಗಿಗಳೊಂದಿಗೆ ಆಡುವ ಮಾತನ್ನೇ ಕೇಳುತ್ತಿರುತ್ತಾರೆ. ನಾನು ದೀಪ ಆರಿಸಿದಾಗ ಎದ್ದು ಹೋಗುತ್ತಾರೆ. ಏನು ಬೇಕು ಎಂದು ಕೇಳಲು ನನಗೆ ಬಾಯಿ ಬರುತ್ತಿಲ್ಲ.

ಅಕ್ಕ

ಮೇ 3

ಅಕ್ಕಾ,

ನೀನು ಹಿಡಿದೇ ಹಿಡಿದೆ. ಇಕ್ಕಳ ಹಿಡಿದರೆ ಕೈ ನಡುಗುತ್ತದೆ. ಬೇರುಗಳಿವೆ, ಸದ್ಯ ನೋವಿಲ್ಲವಲ್ಲ ಎಂದು ಅವುಗಳ ಮೇಲೆಯೇ ಸೆಟ್ಟು ಕೂರಿಸುತ್ತಿದ್ದೇನೆ. ಬೈಯಬೇಡ.

ಅವಳ ಅಮ್ಮ ಯಾರಿಗಾಗಿ ಬರುತ್ತಿದ್ದಾರೆ ಎಂದು ನಿನಗೆ ತಿಳಿಯಲಿಲ್ಲವೇ? ನನಗಾಗಿ. ನಾನು ಒಂದು ದಿನ ವಾಪಸು ಬರುತ್ತೇನೆ ಎಂದು ಕಾಯುತ್ತಿದ್ದಾರೆ. ನಾನು ಓಡಿಬಂದೆ, ಅವರು ನಿನ್ನ ಬೆಂಚಿನಲ್ಲಿ ಕೂತಿದ್ದಾರೆ. ಪಾಪ, ನನ್ನ ಪಾಲಿನದನ್ನು ನೀನು ಅನುಭವಿಸುತ್ತಿದ್ದೀಯ.

ಇದರೊಳಗೆ ಅವರಿಗೊಂದು ಪತ್ರ ಇಟ್ಟಿದ್ದೇನೆ. ಶನಿವಾರ ನಡೆದದ್ದನ್ನೆಲ್ಲ ಬರೆದಿದ್ದೇನೆ, ಅವಳು ನಕ್ಕದ್ದನ್ನೂ ಬಿಟ್ಟಿಲ್ಲ. ತಪ್ಪು ನನ್ನೊಬ್ಬನದೇ ಎಂದು ಬರೆದಿದ್ದೇನೆ. ಮುಂದಿನ ಶನಿವಾರ ಅವರ ಕೈಗೆ ಕೊಡು.

ತಮ್ಮ

ಮೇ 14

ತಮ್ಮಾ,

ಪತ್ರ ಕೊಡಲಿಲ್ಲ. ಈಗ ಬೇಡ. ಸಮಿತಿ ಮುಗಿಸಿದ ವಿಷಯವನ್ನು ನಾವೇ ಮತ್ತೆ ತೆರೆಯುವುದು ಸರಿಯಲ್ಲ. ಲಾಯರೂ ಹಾಗೇ ಹೇಳಿಯಾರು.

ನಿನ್ನೆ ಶನಿವಾರ ಬೇಗ ಬಾಗಿಲು ಹಾಕಿದೆ. ಅವಳ ಅಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹಿಂಬಾಗಿಲಿನಿಂದ ಮಹಡಿಗೆ ಹತ್ತಿಕೊಂಡೆ.

ಅಕ್ಕ

ಮೇ 30

"ಹಾಗೇ ಹೇಳಿಯಾರು" ಎಂದರೆ ಲಾಯರನ್ನು ಕೇಳಿಯೇ ಇಲ್ಲ ಎಂದಾಯಿತು. ಮಗಳನ್ನು ಕಳಕೊಂಡವರನ್ನು ಮೆಟ್ಟಿಲ ಮೇಲೆ ಕೂರಿಸಿ ಹಿಂಬಾಗಿಲು ಹಿಡಿಯುವವಳು ನನ್ನ ಅಕ್ಕನಲ್ಲ. ನಮ್ಮ ಬೋರ್ಡಿನ ಮೇಲಿನ ಹೆಸರಿನ ಚಿಂತೆಯೇ ಇಷ್ಟೆಲ್ಲಕ್ಕೂ ಕಾರಣವಾದರೆ, ನನ್ನ ಹೆಸರನ್ನು ಅಳಿಸಿಬಿಡು. ಪತ್ರವನ್ನು ಮತ್ತೆ ಬರೆದು ನಾನೇ ಅವರ ಲಾಂಡ್ರಿಯ ವಿಳಾಸಕ್ಕೆ ಕಳಿಸುತ್ತೇನೆ.

ಪಾರ್ಸೆಲ್ ಬೇಡ. ಇಲ್ಲೇ ಸಿಗುತ್ತದೆ.

ಜೂನ್ 20

ತಮ್ಮಾ,

ಇದನ್ನು ಕೂತು ಓದು. ಮಧ್ಯದಲ್ಲಿ ಎದ್ದು ಹೋಗಬೇಡ.

ಬೋರ್ಡಿನ ಚಿಂತೆಯಲ್ಲ ನನ್ನದು. ಆ ಭಾನುವಾರ ಅವಳಿಗೆ ಕೇಳಲು ಒಬ್ಬರೂ ಇರಲಿಲ್ಲ ಎಂದು ನೀನು ಬರೆದಿದ್ದೆ. ಇದ್ದರು. ಅವಳು ಫೋನ್ ಮಾಡಿದ್ದಳು. ತೆಗೆದವಳು ನಾನು.

ಇಷ್ಟನ್ನು ಬರೆಯಲು ಏಳು ತಿಂಗಳು ಹಿಡಿಯಿತು. ಸಮಿತಿಯ ಮುಂದೆ ಹೇಳಲಿಲ್ಲ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ನಿನ್ನನ್ನು ಬಸ್ಸು ಹತ್ತಿಸುವಾಗಲೂ ನಾಲಿಗೆಯ ತುದಿಗೆ ಬಂದಿತ್ತು. ಬುತ್ತಿ ಕೊಟ್ಟು ಕೈಬೀಸಿದೆ. ಫೋನ್ ಬೇಡ ಎಂದೆಯಲ್ಲ, ನಾನು ಸುಮ್ಮನೆ ಒಪ್ಪಿಕೊಂಡದ್ದು ನಿನ್ನನ್ನು ಅರ್ಥಮಾಡಿಕೊಂಡಲ್ಲ. ಪತ್ರದಲ್ಲಿ ಸುಳ್ಳು ಹೇಳುವುದು ಸುಲಭ, ದನಿಯಲ್ಲಾದರೆ ನೀನು ಹಿಡಿಯುತ್ತೀಯ.

ಜೂನ್ ಹತ್ತರ ಶನಿವಾರ ಕೊನೆಯ ರೋಗಿ ಹೋದ ಮೇಲೆ ದೀಪ ಆರಿಸಲು ಹೊರಗೆ ಬಂದೆ. ಅವಳ ಅಮ್ಮ ಎದ್ದು ನಿಂತಿದ್ದರು. ಸೆರಗಿನೊಳಗಿನಿಂದ ಒಂದು ಫೋನ್ ತೆಗೆದು ನನ್ನ ಮುಂದೆ ಹಿಡಿದರು. ಮಗಳದು. ಆಸ್ಪತ್ರೆಯವರು ಬಟ್ಟೆಯ ಜೊತೆ ಚೀಲದಲ್ಲಿ ಹಾಕಿ ಕೊಟ್ಟಿದ್ದರಂತೆ. ಚೀಲ ಬಿಚ್ಚಲು ಮಾರ್ಚಿನ ತನಕ ಅವರಿಗೆ ಕೈ ಬಂದಿರಲಿಲ್ಲ.

"ಇದರಲ್ಲಿ ನಿಮ್ಮ ನಂಬರಿದೆ. ಭಾನುವಾರ ಮೂರೂವರೆಗೆ. ನಾಲ್ಕು ನಿಮಿಷ ಮಾತಾಡಿದಾಳೆ. ತಮ್ಮನವರು ಅವತ್ತು ಊರಲ್ಲಿರಲಿಲ್ಲ ಅಂದ್ರು. ಹಾಗಾದ್ರೆ ನೀವಾ?"

"ಹೌದಮ್ಮ. ನಾನೇ."

ಅವರು ಹೊಡೆದಿದ್ದರೆ, ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು.

"ನಾನು ಕೆಲಸದಿಂದ ಬರೋ ಹೊತ್ತಿಗೆ ಅವಳಿಗೆ ಮಾತು ನಿಂತಿತ್ತು. ಕೊನೇಲಿ ಅವಳ ದನಿ ಕೇಳಿದವರು ನೀವು. ಏನಂದಳು ಹೇಳಿ. ಒಂದನ್ನೂ ಬಿಡಬೇಡಿ."

ಹೇಳಿದೆ. ನಿನಗೂ ಹೇಳುತ್ತೇನೆ.

ತಲೆಗೆ ಬಣ್ಣ ಹಚ್ಚಿಕೊಂಡು ಕೂತಿದ್ದೆ. ಹಿಂದಿನ ವಾರವಷ್ಟೇ ಆ ಉಪನ್ಯಾಸ ಕೇಳಿ ಬಂದಿದ್ದೆನಲ್ಲ, ವೈದ್ಯರು ವಾರಕ್ಕೊಂದು ದಿನವಾದರೂ ತಮಗಾಗಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಬತ್ತಿಹೋಗುತ್ತಾರೆ ಎಂದು. ಭಾನುವಾರ ನನ್ನದು ಎಂದು ಹಟ ಹಿಡಿದಿದ್ದೆ. ಮಹಡಿಯ ಫೋನ್ ಹೊಡೆದುಕೊಂಡಿತು. "ಸ್ವಲ್ಪ ಇರಿ" ಎಂದು ರಿಸೀವರ್ ಪಕ್ಕಕ್ಕಿಟ್ಟು ಟವೆಲ್ ಹುಡುಕಿದೆ. ಒಂದು ನಿಮಿಷವಾದರೂ ಆಗಿರಬೇಕು. ಅವಳು ಕಾದಳು.

"ಭಾನುವಾರ ತೊಂದರೆ ಕೊಟ್ಟೆ ಮೇಡಂ. ಊತ ಗಂಟಲಿಗೆ ಬಂದ ಹಾಗಿದೆ" ಎಂದಳು. ದನಿ ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವರ ಹಾಗಿತ್ತು. "ಕಪ್ಪೆ ಥರ ಆಗಿದೆ ನನ್ನ ದನಿ" ಎಂದು ನಗಲು ನೋಡಿದಳು. ಮಾತ್ರೆ ತೆಗೆದುಕೊಂಡಿದ್ದೀಯಾ ಎಂದೆ. ಎರಡು ಎಂದಳು. ಮಾತ್ರೆ ಕೆಲಸ ಮಾಡಲು ಹೊತ್ತು ಬೇಕು, ಬಿಸಿನೀರಲ್ಲಿ ಬಾಯಿ ಮುಕ್ಕಳಿಸು, ನಾಳೆ ಬಾ ಎಂದೆ. ಮನೆಯಲ್ಲಿ ಯಾರಿದ್ದಾರೆ ಎಂದೆ. "ಅಮ್ಮ ಕೆಲಸಕ್ಕೆ ಹೋಗಿದಾರೆ. ಅವರನ್ನ ಹೆದರಿಸೋದು ಬೇಡ ಅಂತ ನಿಮಗೆ ಮಾಡಿದೆ" ಎಂದಳು. "ಸರಿ ಮೇಡಂ, ನಾಳೆ ಬರ್ತೀನಿ" ಎಂದಳು.

ನುಂಗಲು ಆಗುತ್ತಿದೆಯಾ ಎಂದು ನಾನು ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಅವಳು ಇಲ್ಲ ಎನ್ನುತ್ತಿದ್ದಳು. ಓಡು ಆಸ್ಪತ್ರೆಗೆ ಎನ್ನುತ್ತಿದ್ದೆ. ಅಷ್ಟೇ ತಮ್ಮಾ, ಅಷ್ಟೇ ಅಂತರ. ಇಪ್ಪತ್ತೆರಡು ವರ್ಷದಿಂದ ದಂತವೈದ್ಯ ಕಾಲೇಜಿನ ವಿದ್ಯಾರ್ಥಿಗಳಿಗೆ ಅದನ್ನೇ ಹೇಳಿಕೊಡುತ್ತಿದ್ದೇನೆ.

ಅವಳ ಅಮ್ಮ ಕೊನೆಯವರೆಗೂ ಕೇಳಿದರು. "ನನ್ನನ್ನ ಹೆದರಿಸೋದು ಬೇಡ ಅಂದಳಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದೆಂದೆ. ಎದ್ದು ಹೋದರು. ಮುಂದಿನ ಶನಿವಾರ ಬರಲಿಲ್ಲ.

ಅಕ್ಕ

ಆಗಸ್ಟ್ 11

ಅಕ್ಕಾ,

ಏಳು ವಾರ ನಿನಗೆ ಬರೆಯಲಿಲ್ಲ. ಬರೆಯಲಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆಯಬಾರದೆಂದೇ ಇದ್ದೆ.

ನೀನು ಫೋನಿನಲ್ಲಿ ಹೇಳಿದ್ದರ ಮೇಲೆ ನನಗೆ ಸಿಟ್ಟಿಲ್ಲ. ನಾನು ಶನಿವಾರ ಹೇಳಿದ್ದನ್ನೇ ನೀನು ಭಾನುವಾರ ಹೇಳಿದೆ. ಸಿಟ್ಟು ಬಂದದ್ದು ಬುತ್ತಿಯ ಮೇಲೆ. ಒಬ್ಬನೇ ಹೊತ್ತುಕೊಂಡು ಹೋಗುತ್ತಿದ್ದಾನೆ ಎಂದು ಗೊತ್ತಿದ್ದೂ ದಾರಿಗೆ ಊಟ ಕಟ್ಟಿಕೊಟ್ಟೆಯಲ್ಲ. ಮನೆಯ ಒಂದು ಮೂಲೆಯಲ್ಲಿ ನಾನು ಅಳುತ್ತಿದ್ದರೆ ಇನ್ನೊಂದು ಮೂಲೆಯಲ್ಲಿ ನೀನು ಅಳದೆ ಕೂತಿದ್ದೆ. ಇಬ್ಬರೂ ಒಟ್ಟಿಗೆ ಅತ್ತಿದ್ದರೆ ಏನಾಗುತ್ತಿತ್ತು?

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ಜುಲೈ ಎರಡನೆಯ ವಾರ ಇಲ್ಲೊಂದು ನಡೆಯಿತು.

ಕಪ್ತಾನರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು, ಟವೆಲ್ಲಿಗೆ ಜೊಲ್ಲು ಸುರಿಯುತ್ತಿತ್ತು. ಗದ್ದದ ಕೆಳಗೆ ಕಲ್ಲಿನಂಥ ಊತ. "ನುಂಗೋಕೆ ಆಗ್ತಿದೆಯಾ?" ಎಂದೆ. ಇಲ್ಲವೆಂದು ತಲೆ ಅಲ್ಲಾಡಿಸಿದರು. ಅವರ ಕೆಳದವಡೆಯ ಬಲಗಡೆಯ ಬೇರನ್ನು ನಾನು ಮಾರ್ಚಿನಲ್ಲೇ ನೋಡಿದ್ದೆ. ಕೀಳಬೇಕಿತ್ತು. ಕೈ ನಡುಗುತ್ತದೆಂದು ಅದರ ಮೇಲೆ ಸೆಟ್ಟು ಕೂರಿಸಿದ್ದೆ. ಅಕ್ಕಾ, ಒಬ್ಬಳು ಸತ್ತಳೆಂದು ಹೆದರಿ ಇನ್ನೊಬ್ಬರನ್ನು ಅದೇ ದಾರಿಗೆ ತಂದು ನಿಲ್ಲಿಸಿದ್ದೆ. ಪಶ್ಚಾತ್ತಾಪವೆಂದು ನಾನು ಹೆಸರಿಟ್ಟುಕೊಂಡದ್ದು ಬರೀ ಹೇಡಿತನವಾಗಿತ್ತು.

ಮೇಲ್ವಿಚಾರಕಿಯ ಕೋಣೆಗೆ ಓಡಿ ನಾನೇ ಫೋನ್ ಮಾಡಿದೆ. ಆಂಬುಲೆನ್ಸ್ ಬರುವ ತನಕ ಅವರನ್ನು ಮಲಗಲು ಬಿಡಲಿಲ್ಲ, ಬೆನ್ನಿಗೆ ಬೆನ್ನು ಕೊಟ್ಟು ಕೂತೆ. ಒಂದು ಗಂಟೆ ಹತ್ತು ನಿಮಿಷದ ದಾರಿ. ಅವರ ಒಂದೊಂದು ಉಸಿರನ್ನೂ ನಾನೇ ಎಳೆದ ಹಾಗಿತ್ತು. ಆಸ್ಪತ್ರೆಯಲ್ಲಿ ಕುತ್ತಿಗೆ ಕೊಯ್ದು ನಳಿಕೆ ಹಾಕಿದರು. ಹನ್ನೊಂದು ದಿನ. ಆ ಹನ್ನೊಂದು ದಿನವೂ ನಾನು ಅಲ್ಲೇ ಇದ್ದೆ.

ವಾಪಸು ಬಂದ ಮೇಲೆ ಅವರ ಎದುರು ಕೂತು ಎಲ್ಲ ಹೇಳಿದೆ. ಬೇರಿನದು, ನನ್ನ ಕೈಯದು, ಬೇಕರಿ ಹುಡುಗಿಯದು. ನಗೆಚಾಟಿಕೆಯ ಮನುಷ್ಯ, ಅವತ್ತು ನಗಲಿಲ್ಲ.

"ನೀವು ಮಾಡಿದ್ದು ಸಣ್ಣದಲ್ಲ ಡಾಕ್ಟ್ರೇ. ಆದ್ರೆ ನನ್ನ ಬಾಯಲ್ಲಿ ಇನ್ನೂ ಎರಡು ಬೇರಿದಾವೆ. ಅವನ್ನ ಯಾರು ಕೀಳ್ತಾರೆ?"

ಕೀಳಿಸಿಕೊಳ್ಳುವಷ್ಟು ಗಟ್ಟಿಯಾಗಲಿ ಎಂದು ಎರಡು ವಾರ ಕಾದು, ಮೊನ್ನೆ ಎರಡನ್ನೂ ಕಿತ್ತೆ. ಕೈ ನಡುಗಿತು. ನಡುಗುತ್ತಲೇ ಕಿತ್ತೆ. ಈ ವಾರ ಇನ್ನೂ ಒಂಬತ್ತು ಮಂದಿ ಇದ್ದಾರೆ. ಮರಗಟ್ಟಿಸುವ ಔಷಧಿ ಎರಡು ಡಬ್ಬಿ ಕಳಿಸು. ಅವಳು ಈಗಲೂ ಕನ್ನಡಿಯಲ್ಲಿ ಬರುತ್ತಾಳೆ. ನಾನು ಕೆಲಸ ನಿಲ್ಲಿಸುವುದಿಲ್ಲ.

ಅವಳ ಅಮ್ಮನಿಗೆ ಬರೆದ ಪತ್ರವನ್ನು ಲಾಂಡ್ರಿಗೆ ಕಳಿಸಲಿಲ್ಲ. ನಿನ್ನ ಹತ್ತಿರ ಇರುವುದನ್ನೇ ಕೊಡು. ಒಂದು ಸಾಲು ಮಾತ್ರ ಹೊಡೆದುಹಾಕು, ತಪ್ಪು ನನ್ನೊಬ್ಬನದೇ ಎಂಬುದನ್ನು. ನಿನ್ನನ್ನು ಕ್ಷಮಿಸಿದ್ದೇನೋ ಇಲ್ಲವೋ ತಿಳಿಯದು. ಆದರೆ ಆ ಸಾಲು ನಿಜವಲ್ಲ.

ತಮ್ಮ

ಆಗಸ್ಟ್ 29

ತಮ್ಮಾ,

ಔಷಧಿ ಕಳಿಸಿದ್ದೇನೆ.

ಅವಳ ಅಮ್ಮನನ್ನು ಹುಡುಕಿಕೊಂಡು ನಾನೇ ಹೋದೆ. ಹೋಟೆಲಿನ ನೆಲಮಾಳಿಗೆ. ಆವಿಯಲ್ಲಿ ಮೊದಲು ಮುಖ ಕಾಣಲಿಲ್ಲ. ಅವರೇ ನನ್ನನ್ನು ಗುರುತಿಸಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. ಭಾನುವಾರ ಈಗ ನಾನು ಕ್ಲಿನಿಕ್ ತೆಗೆದಿರುತ್ತೇನೆ, ಫೋನ್ ಪಕ್ಕವೇ ಕೂತಿರುತ್ತೇನೆ, ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

ನಿನ್ನ ಪತ್ರ ಕೊಟ್ಟೆ. ಮಡಿಸಿಟ್ಟ ಹಾಸಿಗೆ ಬಟ್ಟೆಗಳ ಮೇಲೆ ಅದನ್ನು ಹರಡಿಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದರು. ಹೊಡೆದುಹಾಕಿದ ಸಾಲಿನ ಹತ್ತಿರ ಬೆರಳು ನಿಂತಿತು. ಬೆಳಕಿಗೆ ಹಿಡಿದು ಅದನ್ನೂ ಓದಿಕೊಂಡರು. ಆಮೇಲೆ ಮಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡು ನನ್ನ ಮುಖ ನೋಡಿದರು.

"ಅವರು ಶನಿವಾರದ್ದು ಬರೆದಿದಾರೆ. ನೀವು ಭಾನುವಾರದ್ದು ಹೇಳಿದ್ರಿ. ಸೋಮವಾರದ್ದು ನನ್ನ ಹತ್ರ ಇದೆ. ಬೆಳಗಿನ ಜಾವ ಅವಳನ್ನ ಎತ್ಕೊಂಡು ಬೀದಿಗೆ ಬಂದವಳು ನಾನು. ಇಲ್ಲೀ ತನಕ ಯಾರೂ ಕೇಳಿಲ್ಲ. ನಿಮ್ಮ ಸಮಿತಿಯವರೂ ಕೇಳಲಿಲ್ಲ."

ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡರು.

"ತಮ್ಮನವರನ್ನ ಕರೆಸಿ. ಇಬ್ಬರೂ ಕೂತು ಕೇಳ್ಬೇಕು. ನಾನು ಹೇಳೋದು ನಾಲ್ಕು ನಿಮಿಷಕ್ಕೆ ಮುಗಿಯಲ್ಲ."

ಬರುವ ತಿಂಗಳ ಎರಡನೆಯ ಭಾನುವಾರ ಎಂದಿದ್ದಾರೆ. ಬಾ.

ಅಕ್ಕ